ಮೂರನೆಯ ವ್ಯಕ್ತಿ ಮತ್ತು ಚಾಲಕ: ಮೋಟಾರು ವಿಮೆಯ ಚರಿತ್ರೆಯಲ್ಲಿ ಉಳಿದುಬಂದ ಒಂದು ಅಂತರ

ಬೆಂಗಳೂರಿನ ದಂಡು ಪ್ರದೇಶದಿಂದ ಹೊರಟು ಹಲಸೂರನ್ನು ದಾಟಿ ಹಳೆಯ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ, ಕೃಷ್ಣರಾಜಪುರ ತಲುಪುವ ಮುನ್ನ ಎಡಬದಿಗೆ ರಾಮಮೂರ್ತಿ ನಗರ ಸಿಗುತ್ತದೆ. ಒಂದು ಕಾಲಕ್ಕೆ ಕೆರೆ, ತೋಟ, ಹೊಲಗಳ ನಡುವಣ ಹಳ್ಳಿಗಳ ಸೀಮೆಯಾಗಿದ್ದ ಈ ಭಾಗದ ಸ್ವರೂಪವು 1948ರಲ್ಲಿ ಸಮೀಪದಲ್ಲಿಯೇ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಗೊಂಡು ದೂರವಾಣಿ ನಗರವು ರೂಪುಗೊಂಡ ಮೇಲೆ ಬದಲಾಗತೊಡಗಿತು. ಹೊರವರ್ತುಲ ರಸ್ತೆ ಬಂದುದು, 2003ರಲ್ಲಿ ಕೃಷ್ಣರಾಜಪುರದ ತೂಗುಸೇತುವೆ ಸಂಚಾರಕ್ಕೆ ತೆರೆದುದು, 2007ರಲ್ಲಿ ಕೃಷ್ಣರಾಜಪುರ ನಗರಸಭೆಯ ಪ್ರದೇಶವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದುದು, ಇವು ಆ ಬದಲಾವಣೆಯ ಮುಂದಿನ ಘಟ್ಟಗಳು. ಕೆಎ 03 ಮತ್ತು ಕೆಎ 53 ಎಂಬ ನೋಂದಣಿ ಸಂಖ್ಯೆಗಳನ್ನು ಹೊತ್ತ ದ್ವಿಚಕ್ರ ವಾಹನಗಳು, ಆಟೋರಿಕ್ಷಾಗಳು, ಬಾಡಿಗೆ ಕಾರುಗಳು ಮತ್ತು ಸರಕು ಸಾಗಣೆಯ ಸಣ್ಣ ವಾಹನಗಳು ಇಂದು ಇಲ್ಲಿನ ಜೀವನೋಪಾಯದ ಭಾಗವೇ ಆಗಿವೆ.

ಇಂತಹ ಬಡಾವಣೆಯ ಮನೆಗಳಲ್ಲಿ ಪಡಿತರ ಚೀಟಿ, ಮನೆಯ ಕಂದಾಯದ ರಸೀದಿಗಳ ಜೊತೆಗೆ ಜೋಪಾನವಾಗಿ ಇಡಲಾಗುವ, ಆದರೆ ಬಹುಮಟ್ಟಿಗೆ ಓದದೆಯೇ ಇಡಲಾಗುವ ದಾಖಲೆಯೆಂದರೆ ವಾಹನದ ವಿಮಾಪತ್ರ. ಜನರ ಮಾತಿನಲ್ಲಿ ಇದಕ್ಕೆ ಎರಡು ಹೆಸರುಗಳಿವೆ: ಒಂದು ‘ಥರ್ಡ್ ಪಾರ್ಟಿ’, ಮತ್ತೊಂದು ‘ಫುಲ್ ಇನ್ಶೂರೆನ್ಸ್’. ಮೊದಲನೆಯದು ಪೊಲೀಸರಿಗೆ ತೋರಿಸಲು, ಎರಡನೆಯದು ಎಲ್ಲ ನಷ್ಟವನ್ನೂ ತುಂಬಲು ಎಂಬ ಗ್ರಹಿಕೆ ಸಾಮಾನ್ಯವಾಗಿದೆ. ಈ ಎರಡು ಗ್ರಹಿಕೆಗಳೂ ಪೂರ್ತಿ ಸರಿಯಲ್ಲ. ಕಡ್ಡಾಯ ವಿಮೆಯು ಹುಟ್ಟಿದ್ದು ರಸ್ತೆಯ ಮೇಲಿನ ಅಪರಿಚಿತನಿಗಾಗಿ. ವಿಮೆಯ ಕಂತನ್ನು ತೆತ್ತು ವಾಹನವನ್ನು ನಡೆಸುವವನು ಬಹುಕಾಲ ಅದರ ಹೊರಗೇ ಉಳಿದನು. ಅವನನ್ನು ಒಳಗೆ ತರಲು ನಡೆದ ಪ್ರಯತ್ನಗಳು ಬಿಡಿಬಿಡಿಯಾಗಿ, ತಡವಾಗಿ ನಡೆದವು, ಇಂದಿಗೂ ಪೂರ್ಣಗೊಂಡಿಲ್ಲ. ಈ ಅಂತರವು ಹೇಗೆ ಉಂಟಾಯಿತು, ಎಷ್ಟರ ಮಟ್ಟಿಗೆ ತುಂಬಿತು ಎಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಮೆಗೆ ಮುನ್ನಿನ ಕಾಲ

ಮೋಟಾರು ವಾಹನಗಳು ಭಾರತದ ರಸ್ತೆಗಳಿಗೆ ಬಂದ ಮೊದಲ ದಶಕಗಳಲ್ಲಿ ಅಪಘಾತಕ್ಕೆ ಸಿಕ್ಕವರಿಗೆ ಪರಿಹಾರವು ಸಿವಿಲ್ ನ್ಯಾಯಾಲಯದ ದಾರಿಯಿಂದ ಮಾತ್ರ ದೊರೆಯಬಹುದಾಗಿತ್ತು. ಮೃತನ ಅವಲಂಬಿತರು ದಾವೆ ಹೂಡಲು 1855ರ ಮಾರಕ ಅಪಘಾತಗಳ ಕಾಯ್ದೆ ಅವಕಾಶ ನೀಡಿತ್ತು. ಚಾಲಕನ ತಪ್ಪನ್ನು ಸಾಬೀತುಪಡಿಸಬೇಕಾಗಿತ್ತು. ಸಾಬೀತಾದರೂ ಹಣ ಕೊಡಲು ಪ್ರತಿವಾದಿಗೆ ಶಕ್ತಿಯಿರಬೇಕಾಗಿತ್ತು. 1914ರ ಭಾರತೀಯ ಮೋಟಾರು ವಾಹನ ಕಾಯ್ದೆಯು ನೋಂದಣಿ, ಪರವಾನಗಿ ಮತ್ತು ವೇಗದ ವಿಷಯದಲ್ಲಿ ನಿಯಮಗಳನ್ನು ರೂಪಿಸಿತಾದರೂ ವಿಮೆಯನ್ನು ಕಡ್ಡಾಯಗೊಳಿಸಲಿಲ್ಲ.

ಬೆಂಗಳೂರಿನ ಪೂರ್ವಭಾಗದಲ್ಲಿ ಈ ಸ್ಥಿತಿಗೆ ಇನ್ನೊಂದು ತೊಡಕು ಸೇರಿತ್ತು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯಾಧಿಕಾರವು ಮರಳಿದ ಮೇಲೂ ದಂಡು ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಅತ್ತ ಕೃಷ್ಣರಾಜಪುರದ ಹಳ್ಳಿಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹಲಸೂರಿನಿಂದ ಹೊರಟ ವಾಹನವೊಂದು ಕೆಲವೇ ಮೈಲಿಗಳಲ್ಲಿ ಒಂದು ಆಡಳಿತವನ್ನು ಬಿಟ್ಟು ಮತ್ತೊಂದನ್ನು ಪ್ರವೇಶಿಸುತ್ತಿತ್ತು. ದಂಡು ಪ್ರದೇಶವು ಕಟ್ಟುನಿಟ್ಟಾದ ಅರ್ಥದಲ್ಲಿ ಬ್ರಿಟಿಷ್ ಇಂಡಿಯಾದ ಭಾಗವಾಗಿರಲಿಲ್ಲವಾದ್ದರಿಂದ ಅಲ್ಲಿನ ಕಾಯ್ದೆಗಳು ತಾವಾಗಿ ಇಲ್ಲಿ ಜಾರಿಗೆ ಬರುತ್ತಿರಲಿಲ್ಲ. ಪ್ರತ್ಯೇಕ ಪ್ರಕಟಣೆಗಳ ಮೂಲಕ ಅವುಗಳನ್ನು ಅನ್ವಯಿಸಬೇಕಾಗುತ್ತಿತ್ತು. ಸಂಸ್ಥಾನವು ತನ್ನದೇ ಶಾಸನಗಳನ್ನು ಹೊಂದಿತ್ತು. 1947ರ ಜುಲೈ 26ರಂದು ದಂಡು ಪ್ರದೇಶವು ಮೈಸೂರಿಗೆ ಹಿಂತಿರುಗಿದ ಮೇಲೆಯೇ ಈ ರಸ್ತೆಯ ಎರಡು ತುದಿಗಳೂ ಒಂದೇ ಆಡಳಿತಕ್ಕೆ ಒಳಪಟ್ಟವು.

ಕಡ್ಡಾಯ ವಿಮೆಯ ಆಗಮನ

ವಾಹನ ಮಾಲೀಕನು ವಿಮೆ ಹೊಂದಿರಲೇಬೇಕೆಂಬ ಚಿಂತನೆ ಹೊರದೇಶಗಳಿಂದ ಬಂದುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1927ರಲ್ಲಿ ಇಂತಹ ಶಾಸನವು ಜಾರಿಗೆ ಬಂದಿತು. 1928ರಲ್ಲಿ ನ್ಯೂಜಿಲೆಂಡ್, 1930ರಲ್ಲಿ ಬ್ರಿಟನ್ ಇದೇ ದಾರಿ ಹಿಡಿದವು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆಯು ಭಾರತದ ಶಾಸನಕ್ಕೆ ಹತ್ತಿರದ ಮಾದರಿಯಾಯಿತು. ಭಾರತದ 1939ರ ಮೋಟಾರು ವಾಹನ ಕಾಯ್ದೆಯ ಎಂಟನೆಯ ಅಧ್ಯಾಯವು ಮೂರನೆಯ ವ್ಯಕ್ತಿಗೆ ಒದಗುವ ಅಪಾಯದ ವಿರುದ್ಧ ವಿಮೆಯನ್ನು ಕಡ್ಡಾಯಗೊಳಿಸಿತು. ಆದರೆ ಕಾಯ್ದೆಯ ಉಳಿದ ಭಾಗಗಳು ಮೊದಲೇ ಜಾರಿಗೆ ಬಂದಿದ್ದರೂ ಈ ಅಧ್ಯಾಯವು ಜಾರಿಗೆ ಬಂದುದು 1946ರ ಜುಲೈ 1ರಂದು. ಸ್ವಾತಂತ್ರ್ಯಾನಂತರ ‘ಬಿ’ ವರ್ಗದ ರಾಜ್ಯಗಳಿಗೆ ಕೇಂದ್ರದ ಕಾಯ್ದೆಗಳನ್ನು ವಿಸ್ತರಿಸಿದಾಗ, 1951ರಲ್ಲಿ, ಮೈಸೂರು ರಾಜ್ಯಕ್ಕೂ ಈ ಕಾಯ್ದೆ ಅನ್ವಯವಾಯಿತು.

‘ಮೂರನೆಯ ವ್ಯಕ್ತಿ’ ಎಂಬ ಪದದ ಅರ್ಥವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ವಿಮೆಯ ಕರಾರಿನಲ್ಲಿ ವಾಹನದ ಮಾಲೀಕನು ಮೊದಲನೆಯ ಪಕ್ಷ, ವಿಮಾ ಸಂಸ್ಥೆಯು ಎರಡನೆಯ ಪಕ್ಷ. ಈ ಕರಾರಿಗೆ ಸೇರದೆ, ವಾಹನದಿಂದ ಹಾನಿಗೊಳಗಾಗುವ ಪಾದಚಾರಿ, ಸೈಕಲ್ ಸವಾರ, ಎದುರಿನ ವಾಹನದವನು ಮೂರನೆಯ ವ್ಯಕ್ತಿ. ಅವನಿಗೆ ಮಾಲೀಕನು ಕೊಡಬೇಕಾದ ಪರಿಹಾರದ ಹೊಣೆಯನ್ನು ವಿಮಾ ಸಂಸ್ಥೆಯು ಹೊರುತ್ತದೆ. ಅಂದರೆ ಕಡ್ಡಾಯ ವಿಮೆಯು ದೇಹಕ್ಕೆ ಮಾಡಿಸಿದ ವಿಮೆಯಲ್ಲ, ಹೊಣೆಗೆ ಮಾಡಿಸಿದ ವಿಮೆ. ಯಾರೂ ತಮಗೆ ತಾವೇ ಹೊಣೆಯಾಗಲಾರರು. ಆದಕಾರಣ ತನ್ನದೇ ವಾಹನವನ್ನು ತಾನೇ ನಡೆಸುತ್ತ ಬಿದ್ದು ಸತ್ತ ಮಾಲೀಕನ ಕುಟುಂಬವು ಅದೇ ವಿಮಾಪತ್ರದಿಂದ ಪರಿಹಾರ ಕೇಳುವಂತಿರಲಿಲ್ಲ. ಮುಂದಿನ ಎಲ್ಲ ವಿವಾದಗಳ ಬೇರು ಈ ತರ್ಕದಲ್ಲಿದೆ.

ಮೂರನೆಯ ವ್ಯಕ್ತಿಯ ಹಕ್ಕು ಕ್ರಮೇಣ ಬಲಗೊಂಡುದನ್ನು ಶಾಸನಗಳ ಚರಿತ್ರೆಯು ತೋರಿಸುತ್ತದೆ. 1956ರ ತಿದ್ದುಪಡಿಯು ಅಪಘಾತ ಪರಿಹಾರಕ್ಕಾಗಿಯೇ ಪ್ರತ್ಯೇಕ ನ್ಯಾಯಾಧಿಕರಣಗಳನ್ನು ರಚಿಸಲು ಅವಕಾಶ ಮಾಡಿತು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ನ್ಯಾಯಾಧಿಕರಣದ ಕಾರ್ಯವನ್ನು ನಿರ್ವಹಿಸುತ್ತ ಬಂದಿದ್ದಾರೆ. ಸರಕು ಸಾಗಣೆ ವಾಹನದ ವಿಮೆಯಲ್ಲಿ ಕಾಯ್ದೆಯು ವಿಧಿಸಿದ್ದ 20,000 ರೂಪಾಯಿಗಳ ಹೊಣೆಯ ಮಿತಿಯು 1970ರಲ್ಲಿ 50,000ಕ್ಕೂ, 1982ರಲ್ಲಿ 1,50,000ಕ್ಕೂ ಏರಿತು. 1982ರಲ್ಲಿಯೇ ತಪ್ಪನ್ನು ಸಾಬೀತುಪಡಿಸದೆ ಮರಣಕ್ಕೆ 15,000 ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಪಡೆಯುವ ಹಕ್ಕನ್ನು ನೀಡಲಾಯಿತು. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯ್ದೆಯು ಮರಣ ಹಾಗೂ ದೈಹಿಕ ಹಾನಿಯ ವಿಷಯದಲ್ಲಿ ವಿಮಾ ಸಂಸ್ಥೆಯ ಹೊಣೆಗಿದ್ದ ಮಿತಿಯನ್ನು ತೆಗೆದುಹಾಕಿತು. 1994ರ ತಿದ್ದುಪಡಿಯು 163ಎ ಕಲಮನ್ನು ಸೇರಿಸಿ, ವಯಸ್ಸು ಮತ್ತು ವರಮಾನದ ಆಧಾರದ ಮೇಲೆ ಸಿದ್ಧಸೂತ್ರದಂತೆ ಪರಿಹಾರ ಪಡೆಯುವ ದಾರಿಯನ್ನು ತೆರೆಯಿತು.

ವಿಮಾ ವ್ಯವಹಾರದ ಸ್ವರೂಪವೂ ಈ ನಡುವೆ ಬದಲಾಯಿತು. 1972ರ ಕಾಯ್ದೆಯ ಮೂಲಕ ಸಾಮಾನ್ಯ ವಿಮೆಯು ರಾಷ್ಟ್ರೀಕರಣಗೊಂಡು, 107 ಸಂಸ್ಥೆಗಳು 1973ರ ಜನವರಿ 1ರಿಂದ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಾದವು. ಕರ್ನಾಟಕದಲ್ಲಿ ಇದಕ್ಕೆ ಹೊರತಾದ ಎರಡು ವ್ಯವಸ್ಥೆಗಳು ಮುಂದುವರಿದವು. 1891ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ನೌಕರರ ಜೀವವಿಮೆಗಾಗಿ ಆರಂಭವಾದ ಸರ್ಕಾರಿ ವಿಮಾ ಇಲಾಖೆಯು ಮುಂದೆ ಸರ್ಕಾರಿ ವಾಹನಗಳ ವಿಮೆಯನ್ನೂ ವಹಿಸಿಕೊಂಡಿತು. ಸರ್ಕಾರಿ ಸಾರಿಗೆ ಸಂಸ್ಥೆಯ ಬಸ್ಸುಗಳಿಗೆ, ಪ್ರತ್ಯೇಕ ನಿಧಿಯನ್ನು ಇರಿಸಿದಲ್ಲಿ ವಿಮೆಯಿಂದ ವಿನಾಯಿತಿ ಪಡೆಯುವ ಅವಕಾಶವನ್ನು ಕಾಯ್ದೆಯೇ ನೀಡಿತ್ತು. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಪರಂಪರೆಯಲ್ಲಿ ಬಂದ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ಆಂತರಿಕ ವಿಮಾ ನಿಧಿಯಿಂದಲೇ ಪರಿಹಾರಗಳನ್ನು ಪಾವತಿಸಿತು.

ಸಂಬಳದ ಚಾಲಕ

ವಾಹನ ನಡೆಸುವವರಲ್ಲಿ ಮೊದಲು ಕಾನೂನಿನ ಕಣ್ಣಿಗೆ ಬಿದ್ದವನು ಸಂಬಳದ ಚಾಲಕ. ಅವನು ಬಂದುದು ಮೋಟಾರು ಕಾಯ್ದೆಯ ಬಾಗಿಲಿನಿಂದಲ್ಲ, 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯ ಬಾಗಿಲಿನಿಂದ. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಒದಗಿದ ಮರಣ ಅಥವಾ ಅಂಗವೈಕಲ್ಯಕ್ಕೆ ಮಾಲೀಕನು ತಪ್ಪಿನ ವಿಚಾರಣೆಯಿಲ್ಲದೆ ಪರಿಹಾರ ಕೊಡಬೇಕೆಂಬುದು ಆ ಕಾಯ್ದೆಯ ತತ್ತ್ವ. 1939ರ ಕಾಯ್ದೆಯ 95ನೆಯ ಕಲಮು ಕಾಲಕ್ರಮದ ತಿದ್ದುಪಡಿಗಳೊಡನೆ, ಅನಂತರ 1988ರ ಕಾಯ್ದೆಯ 147ನೆಯ ಕಲಮು, ಚಾಲಕ, ನಿರ್ವಾಹಕ ಮತ್ತು ಸರಕು ವಾಹನದ ಕೆಲಸಗಾರರ ವಿಷಯದಲ್ಲಿ ಈ ಹೊಣೆಯನ್ನು ಮಾತ್ರ ಕಡ್ಡಾಯ ವಿಮೆಯ ಒಳಗೆ ತಂದವು.

‘ಮಾತ್ರ’ ಎಂಬ ಪದಕ್ಕೆ ಇಲ್ಲಿ ಮಹತ್ತ್ವವಿದೆ. ಹೊರಗಿನವನಿಗೆ ದೊರೆಯುವ ಪರಿಹಾರಕ್ಕೆ ಮಿತಿಯಿಲ್ಲ. ಅವನ ನಿಜವಾದ ವರಮಾನವೇ ಲೆಕ್ಕದ ಆಧಾರ. ಚಾಲಕನಿಗಾದರೋ ಕಾರ್ಮಿಕ ಕಾಯ್ದೆಯ ಸೂತ್ರವೇ ಗಡಿ. ಆ ಸೂತ್ರದಂತೆ ಮರಣದ ಸಂದರ್ಭದಲ್ಲಿ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತಿತ್ತು; ವೇತನಕ್ಕೆ ಸರ್ಕಾರವು ಗರಿಷ್ಠ ಮಿತಿಯನ್ನು ನಿಗದಿಪಡಿಸಿತ್ತು. 2010ರಲ್ಲಿ ಈ ಮಿತಿಯು 8,000 ರೂಪಾಯಿಗಳಾಗಿತ್ತು. ಆಗ 30 ವರ್ಷದ ಚಾಲಕನೊಬ್ಬನು ಮೃತನಾದರೆ 4,000 ರೂಪಾಯಿಗಳನ್ನು 207.98ರಿಂದ ಗುಣಿಸಿ ಸುಮಾರು 8,32,000 ರೂಪಾಯಿ ದೊರೆಯುತ್ತಿತ್ತು. ಅವನ ನಿಜವಾದ ವೇತನ ಅದಕ್ಕಿಂತ ಎಷ್ಟು ಹೆಚ್ಚಿದ್ದರೂ ಈ ಮೊತ್ತ ಏರುತ್ತಿರಲಿಲ್ಲ. 2020ರ ಜನವರಿಯಲ್ಲಿ ಮಿತಿಯು 15,000ಕ್ಕೆ ಏರಿದಾಗ ಅದೇ ಲೆಕ್ಕವು ಸುಮಾರು 15,60,000 ರೂಪಾಯಿಗಳಿಗೆ ಮುಟ್ಟಿತು.

ಈ ಕನಿಷ್ಠ ರಕ್ಷಣೆಯ ಮೇಲೆ ಹೆಚ್ಚುವರಿಯಾಗಿ ಕಂತು ತೆತ್ತು ಪಡೆಯಬಹುದಾದ ರಕ್ಷಣೆಗಳನ್ನು ವಿಮಾ ದರಸೂಚಿಯು ಒದಗಿಸಿತ್ತು. ಸಂಬಳದ ಚಾಲಕನ ವಿಷಯದಲ್ಲಿ ಮಾಲೀಕನಿಗಿರುವ ವಿಸ್ತೃತ ಹೊಣೆ, ಚಾಲಕ ಮತ್ತು ಸಹಾಯಕರ ವೈಯಕ್ತಿಕ ಅಪಘಾತ ರಕ್ಷಣೆ, ಹೆಸರು ನಮೂದಿಸದ ಪ್ರಯಾಣಿಕರ ರಕ್ಷಣೆ ಇವುಗಳಿಗೆ ಪ್ರತ್ಯೇಕ ಸಂಖ್ಯೆಗಳ ಅನುಬಂಧಗಳಿದ್ದವು. ಇವು ಐಚ್ಛಿಕ. ಇಚ್ಛೆಯಾದರೋ ಚಾಲಕನದಲ್ಲ, ಮಾಲೀಕನದು. ಬಾಡಿಗೆ ಕಾರನ್ನು ನಡೆಸುವವನ ಹೆಸರಿನಲ್ಲಿ ಹೆಚ್ಚುವರಿ ರಕ್ಷಣೆಯನ್ನು ಪಡೆಯಲಾಗಿದೆಯೇ ಎಂಬುದು ಅವನಿಗೆ ತಿಳಿಯುವ ಸಂದರ್ಭವು ಅನೇಕ ವೇಳೆ ಅಪಘಾತದ ಅನಂತರವೇ ಬರುತ್ತದೆ.

ಮಾಲೀಕ-ಚಾಲಕ

ಸ್ವಂತ ವಾಹನವನ್ನು ನಡೆಸುವವನಿಗೆ ಕಾರ್ಮಿಕ ಕಾಯ್ದೆಯ ಬಾಗಿಲೂ ತೆರೆದಿರಲಿಲ್ಲ, ಅವನಿಗೆ ಯಜಮಾನನಿಲ್ಲ. 2002ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಮೋಟಾರು ದರಸೂಚಿಯು ಈ ಕೊರತೆಯನ್ನು ಭಾಗಶಃ ತುಂಬಿತು. ಅದರ 36ನೆಯ ಸಾಮಾನ್ಯ ನಿಯಮವು ‘ಮಾಲೀಕ-ಚಾಲಕ’ನಿಗೆ ವೈಯಕ್ತಿಕ ಅಪಘಾತ ರಕ್ಷಣೆಯನ್ನು ಕಡ್ಡಾಯಗೊಳಿಸಿತು. ದ್ವಿಚಕ್ರ ವಾಹನಕ್ಕೆ 1 ಲಕ್ಷ ರೂಪಾಯಿಯ ರಕ್ಷಣೆ, ಕಂತು 50 ರೂಪಾಯಿ. ಕಾರಿಗೆ 2 ಲಕ್ಷದ ರಕ್ಷಣೆ, ಕಂತು 100 ರೂಪಾಯಿ. ಮರಣಕ್ಕೆ, ಎರಡು ಅಂಗಗಳ ಅಥವಾ ಎರಡೂ ಕಣ್ಣುಗಳ ನಷ್ಟಕ್ಕೆ ಪೂರ್ಣ ಮೊತ್ತ. ಒಂದು ಅಂಗ ಅಥವಾ ಒಂದು ಕಣ್ಣಿನ ನಷ್ಟಕ್ಕೆ ಅರ್ಧ ಮೊತ್ತ. ಇಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಆದರೆ ಮೂರು ಷರತ್ತುಗಳಿದ್ದವು: ಅವನು ವಾಹನದ ನೋಂದಾಯಿತ ಮಾಲೀಕನಾಗಿರಬೇಕು, ವಿಮಾಪತ್ರ ಅವನ ಹೆಸರಿನಲ್ಲಿರಬೇಕು, ಊರ್ಜಿತವಾದ ಚಾಲನಾ ಪರವಾನಗಿ ಇರಬೇಕು.

‘ಫುಲ್ ಇನ್ಶೂರೆನ್ಸ್’ ಎಂದು ಕರೆಯಲಾಗುವ ಸಮಗ್ರ ವಿಮಾಪತ್ರವಾದರೂ ಮಾಲೀಕನ ದೇಹಕ್ಕೆ ತಾನಾಗಿ ರಕ್ಷಣೆ ನೀಡುವುದಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2004ರ ಧನರಾಜ್ ಪ್ರಕರಣದಲ್ಲಿ ತಿಳಿಸಿತು. ಸಮಗ್ರ ವಿಮೆಯಲ್ಲಿ ಹೆಚ್ಚಾಗಿ ಸೇರುವುದು ವಾಹನಕ್ಕಾದ ನಷ್ಟ. ವಾಹನದ ಹಾನಿಗೆ ತೆತ್ತ ಕಂತನ್ನು ವ್ಯಕ್ತಿಯ ಹಾನಿಗೆ ತೆತ್ತ ಕಂತೆಂದು ಭಾವಿಸಲಾಗದು ಎಂಬುದು ಆ ತೀರ್ಪಿನ ಸಾರ. ಹಿಂಬದಿಯ ಸವಾರ ಮತ್ತು ಕಾರಿನೊಳಗಿನ ಪ್ರಯಾಣಿಕರ ಸ್ಥಿತಿಯು ಇದಕ್ಕಿಂತ ಬೇಗ ಸುಧಾರಿಸಿತು. ಸಮಗ್ರ ವಿಮಾಪತ್ರವು ಅವರನ್ನು ಒಳಗೊಳ್ಳುತ್ತದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರ ನವೆಂಬರಿನಲ್ಲಿ ಸುತ್ತೋಲೆಯ ಮೂಲಕ ಸ್ಪಷ್ಟಪಡಿಸಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಗಮನಕ್ಕೆ ತೆಗೆದುಕೊಂಡಿತು. ಹೀಗೆ ಒಂದೇ ದ್ವಿಚಕ್ರ ವಾಹನದ ಮೇಲೆ ಕುಳಿತ ಇಬ್ಬರಲ್ಲಿ ಹಿಂದೆ ಕುಳಿತವನ ಹಕ್ಕು ಗಟ್ಟಿಯಾದಾಗಲೂ ಮುಂದೆ ಕುಳಿತವನ ಹಕ್ಕು ಒಂದು ಲಕ್ಷಕ್ಕೆ ಸೀಮಿತವಾಗಿತ್ತು.

ಎರವಲು ವಾಹನ: ಕರ್ನಾಟಕದ ಎರಡು ಪ್ರಕರಣಗಳು

ಮಾಲೀಕನೂ ಅಲ್ಲದ, ಸಂಬಳದ ಚಾಲಕನೂ ಅಲ್ಲದ ಮೂರನೆಯ ಬಗೆಯ ಚಾಲಕನೊಬ್ಬನಿದ್ದಾನೆ: ವಾಹನವನ್ನು ಎರವಲು ಪಡೆದವನು. ಅಣ್ಣನ ಬೈಕನ್ನು ತಮ್ಮ, ಗೆಳೆಯನ ಕಾರನ್ನು ಗೆಳೆಯ ಕೇಳಿ ಒಯ್ಯುವುದು ನಮ್ಮ ಸಮಾಜದಲ್ಲಿ ದಿನನಿತ್ಯದ ಸಂಗತಿ. ಅವನ ಸ್ಥಾನವೇನೆಂಬ ಪ್ರಶ್ನೆಗೆ ದೇಶಕ್ಕೆಲ್ಲ ಅನ್ವಯವಾಗುವ ಉತ್ತರವು ಕರ್ನಾಟಕದ ಒಂದು ಪ್ರಕರಣದಿಂದಲೇ ಬಂದಿತು.

ಇಳಕಲ್ಲಿನಿಂದ ತನ್ನ ಊರಾದ ಗುಡೂರಿಗೆ ಹೋಗಲು ವ್ಯಕ್ತಿಯೊಬ್ಬನು ಬೈಕೊಂದನ್ನು ಎರವಲು ಪಡೆದಿದ್ದನು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಕಬ್ಬಿಣದ ತಗಡುಗಳನ್ನು ಹೊತ್ತು ಮುಂದೆ ಸಾಗುತ್ತಿದ್ದ ಎತ್ತಿನ ಗಾಡಿಯು ಥಟ್ಟನೆ ನಿಂತಿತು. ಅದಕ್ಕೆ ಡಿಕ್ಕಿಯಾಗಿ ಗಾಯಗೊಂಡ ಅವನು ಆಸ್ಪತ್ರೆಯ ದಾರಿಯಲ್ಲಿ ಮೃತನಾದನು. ಕುಟುಂಬವು 163ಎ ಕಲಮಿನಡಿ ಬೈಕಿನ ವಿಮಾ ಸಂಸ್ಥೆಯಿಂದ ಪರಿಹಾರ ಕೋರಿತು. ನ್ಯಾಯಾಧಿಕರಣವು ಪರಿಹಾರವನ್ನು ನೀಡಿತು, ಹೈಕೋರ್ಟು ಅದನ್ನು ತಳ್ಳಿಹಾಕಿತು. 2009ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಪರಿಹಾರ ಕೊಡಬೇಕಾದವನೇ ಪರಿಹಾರ ಕೇಳುವವನಾಗಲಾರನು ಎಂದು ಹೇಳಿ, 163ಎ ಕಲಮಿನ ಕೋರಿಕೆ ನಿಲ್ಲುವುದಿಲ್ಲವೆಂದು ತೀರ್ಮಾನಿಸಿತು. ಬೇರೆ ಕಲಮಿನಡಿ ಹಕ್ಕಿದೆಯೇ ಎಂಬುದನ್ನು ಪರಿಶೀಲಿಸಲು ವಿಷಯವನ್ನು ಹೈಕೋರ್ಟಿಗೆ ಮರಳಿಸಿತು. ಹೊಣೆಯ ವಿಮೆಯ ತರ್ಕದ ಪ್ರಕಾರ ಈ ತೀರ್ಪನ್ನು ಅಲ್ಲಗಳೆಯುವುದು ಕಷ್ಟ. ಎತ್ತಿನ ಗಾಡಿಗೆ ಕಡ್ಡಾಯ ಮೋಟಾರು ವಿಮೆಯಿಲ್ಲ. ಬೈಕಿನ ವಿಮೆಯು ಅವನದಲ್ಲ. ಎರಡರ ನಡುವೆ ಕುಟುಂಬವು ಉಳಿಯಿತು.

ಎರಡನೆಯ ಪ್ರಕರಣವು ಹಾಸನ ಜಿಲ್ಲೆಯದು. 2014ರ ಜೂನಿನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟಿದ್ದ ಕಾರೊಂದು ದಾರಿಯಲ್ಲಿ ಉರುಳಿ, ಅದನ್ನು ನಡೆಸುತ್ತಿದ್ದವನು ಮೃತನಾದನು. ಅವಲಂಬಿತರು 80 ಲಕ್ಷ ರೂಪಾಯಿಗಳ ಪರಿಹಾರ ಕೋರಿದರು. ಅಪಘಾತವು ಮೃತನದೇ ಅತಿವೇಗ ಮತ್ತು ಅಜಾಗರೂಕತೆಯಿಂದ ಆದುದೆಂಬ ಕಾರಣದಿಂದ ಕೋರಿಕೆಯು ತಿರಸ್ಕೃತವಾಯಿತು. 2024ರ ನವೆಂಬರಿನಲ್ಲಿ ಹೈಕೋರ್ಟು, 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿರ್ಣಯದಲ್ಲಿ ಕೈಯಾಡಿಸಲು ನಿರಾಕರಿಸಿದವು. ಅಪಘಾತದಿಂದ ಅಂತಿಮ ಆದೇಶದವರೆಗೆ ಹನ್ನೊಂದು ವರ್ಷಗಳು ಕಳೆದಿದ್ದವು.

ಈ ಎರಡರ ನಡುವೆ, 2020ರ ಜನವರಿಯಲ್ಲಿ, ರಾಮ್‌ಖಿಲಾಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ತರ್ಕವನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿತು. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುವುದಾದರೆ, ವಿಮಾಪತ್ರದಲ್ಲಿ ಮಾಲೀಕನಿಗೆಂದು ಇದ್ದ 1 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ರಕ್ಷಣೆಯಾದರೂ ಅವನ ವಾರಸುದಾರರಿಗೆ ಸಲ್ಲಬೇಕೆಂದು ಅದು ಆದೇಶಿಸಿತು. ಐವತ್ತು ರೂಪಾಯಿಯ ಕಂತಿನಿಂದ ಬಂದ ಸಣ್ಣ ರಕ್ಷಣೆಯೇ ಆ ಕುಟುಂಬಕ್ಕೆ ದೊರೆತ ಏಕೈಕ ಪರಿಹಾರವಾಯಿತು.

ಹದಿನೈದು ಲಕ್ಷ ಮತ್ತು ಅನಂತರ

2002ರ ಮೊತ್ತಗಳು ಹದಿನಾರು ವರ್ಷಗಳ ಕಾಲ ಬದಲಾಗದೆ ಉಳಿದವು. 2017ರ ಅಕ್ಟೋಬರಿನಲ್ಲಿ ಮದ್ರಾಸು ಹೈಕೋರ್ಟು ಈ ಮೊತ್ತವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಬೇಕೆಂದು ನಿರ್ದೇಶಿಸಿತು. ಅದರಂತೆ ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಸೆಪ್ಟೆಂಬರಿನಲ್ಲಿ ಎಲ್ಲ ವರ್ಗದ ವಾಹನಗಳ ಮಾಲೀಕ-ಚಾಲಕರಿಗೂ 15 ಲಕ್ಷ ರೂಪಾಯಿಗಳ ರಕ್ಷಣೆಯನ್ನು, ವರ್ಷಕ್ಕೆ 750 ರೂಪಾಯಿಗಳ ಕಂತಿನೊಡನೆ, ನಿಗದಿಪಡಿಸಿತು. 2019ರ ಜನವರಿಯಿಂದ ಇದನ್ನು ವಾಹನದ ವಿಮೆಯಿಂದ ಬೇರ್ಪಡಿಸಿ ಪ್ರತ್ಯೇಕ ವಿಮಾಪತ್ರವಾಗಿಯೂ ಪಡೆಯಬಹುದೆಂದಾಯಿತು. ಎರಡು ವಾಹನಗಳಿದ್ದವನು ಎರಡು ಬಾರಿ ಕಂತು ತೆರಬೇಕಾಗಿಲ್ಲ. 15 ಲಕ್ಷದ ಬೇರೆ ಅಪಘಾತ ವಿಮೆಯಿದ್ದವನು ಇದನ್ನು ಬಿಡಬಹುದು. ಈ ಸೌಲಭ್ಯದ ಇನ್ನೊಂದು ಮುಖವೆಂದರೆ, ಬೇರೆ ವಿಮೆಯಿಲ್ಲದವನೂ ಇದೆಯೆಂದು ಗುರುತು ಹಾಕಿ 750 ರೂಪಾಯಿ ಉಳಿಸುವ ಸಾಧ್ಯತೆ ತೆರೆದುಕೊಂಡಿತು.

ಅದೇ 2018ರ ಸೆಪ್ಟೆಂಬರಿನಿಂದ, ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ, ಹೊಸ ಕಾರುಗಳಿಗೆ ಮೂರು ವರ್ಷ ಮತ್ತು ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯನ್ನು ಒಮ್ಮೆಗೇ ಪಡೆಯುವುದು ಕಡ್ಡಾಯವಾಯಿತು. ವಿಮೆಯಿಲ್ಲದೆ ವಾಹನ ನಡೆಸಿದರೆ ವಿಧಿಸುವ ದಂಡವನ್ನು 2019ರ ತಿದ್ದುಪಡಿಯು ಮೊದಲ ಬಾರಿಗೆ 2,000, ಮರುಕಳಿಸಿದರೆ 4,000 ರೂಪಾಯಿಗೆ ಏರಿಸಿತು. ಈ ಕ್ರಮಗಳೂ ಮುಖ್ಯವಾಗಿ ಹೊರಗಿನ ವ್ಯಕ್ತಿಯ ರಕ್ಷಣೆಗಾಗಿಯೇ ಬಂದವು.

ಆದರೆ 2019ರ ತಿದ್ದುಪಡಿಯಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಹನ್ನೊಂದನೆಯ ಅಧ್ಯಾಯದೊಳಗೆ, ಸದ್ದಿಲ್ಲದ ಒಂದು ಬದಲಾವಣೆ ಇದೆ. 163ಎ ಕಲಮನ್ನು ಕೈಬಿಟ್ಟು, ತಪ್ಪನ್ನು ಸಾಬೀತುಪಡಿಸದೆ ಮರಣಕ್ಕೆ 5 ಲಕ್ಷ ಮತ್ತು ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ 164ನೆಯ ಕಲಮನ್ನು ತಂದುದು ಎಲ್ಲರ ಗಮನ ಸೆಳೆಯಿತು. ಅದಕ್ಕಿಂತ ಮೂಲಭೂತವಾದುದು 145ನೆಯ ಕಲಮಿನ ವ್ಯಾಖ್ಯೆ. ‘ಮೂರನೆಯ ವ್ಯಕ್ತಿ’ ಎಂಬ ಪದವು ಸರ್ಕಾರವನ್ನು ಮಾತ್ರವಲ್ಲದೆ ಸಾರಿಗೆ ವಾಹನದ ಚಾಲಕನನ್ನೂ ಅವನ ಸಹಕೆಲಸಗಾರನನ್ನೂ ಒಳಗೊಳ್ಳುತ್ತದೆಂದು ಅದು ಹೇಳುತ್ತದೆ. 1946ರಲ್ಲಿ ಆರಂಭವಾದ ಕಡ್ಡಾಯ ವಿಮೆಯ ಚರಿತ್ರೆಯಲ್ಲಿ ಚಾಲಕನು ಆ ಪದದ ಒಳಗೆ ಹೆಸರು ಹಿಡಿದು ಸೇರಿದ್ದು 76 ವರ್ಷಗಳ ಅನಂತರ. ಹಾಗಿದ್ದೂ ಈ ವ್ಯಾಖ್ಯೆ ಸಾರಿಗೆ ವಾಹನಕ್ಕೆ ಸೀಮಿತ. ಸ್ವಂತ ಬೈಕಿನಲ್ಲಿ ಕಾರ್ಖಾನೆಗೆ ಹೋಗುವವನು, ತಂಗಿಯ ಸ್ಕೂಟರಿನಲ್ಲಿ ಆಹಾರದ ಪೊಟ್ಟಣ ತಲುಪಿಸುವವನು ಅದರೊಳಗೆ ಬರುವುದಿಲ್ಲ. ಆಟೋರಿಕ್ಷಾದ ಮಾಲೀಕನೇ ಅದರ ಚಾಲಕನೂ ಆದಾಗ ಅವನು ತನ್ನ ಕರಾರಿನಲ್ಲಿ ಮೊದಲನೆಯವನೋ ಮೂರನೆಯವನೋ ಎಂಬ ಹಳೆಯ ಪ್ರಶ್ನೆಯೂ ಮತ್ತೆ ಎದುರಾಗುತ್ತದೆ.

ರಾಜ್ಯದ ಕ್ರಮಗಳು

ವಿಮೆಯ ಕರಾರಿನಿಂದ ತುಂಬದ ಅಂತರವನ್ನು ಕಲ್ಯಾಣ ಯೋಜನೆಗಳಿಂದ ತುಂಬುವ ಪ್ರಯತ್ನವು ಕರ್ನಾಟಕದಲ್ಲಿ ನಡೆದಿದೆ. ಖಾಸಗಿ ವಾಣಿಜ್ಯ ವಾಹನಗಳ ಚಾಲಕರು, ನಿರ್ವಾಹಕರು ಮತ್ತು ಕ್ಲೀನರುಗಳಿಗಾಗಿ ಕಾರ್ಮಿಕ ಇಲಾಖೆಯು ಅಪಘಾತ ಪರಿಹಾರ ಯೋಜನೆಯನ್ನು ರೂಪಿಸಿತು. 2023ರಲ್ಲಿ ಆನ್‌ಲೈನ್ ವೇದಿಕೆಗಳಿಗಾಗಿ ಸರಕು ತಲುಪಿಸುವ ಗಿಗ್ ಕಾರ್ಮಿಕರಿಗೆ ಒಟ್ಟು 4 ಲಕ್ಷ ರೂಪಾಯಿಗಳ ವಿಮಾ ಸೌಲಭ್ಯವನ್ನು ಪ್ರಕಟಿಸಲಾಯಿತು; ಇದರಲ್ಲಿ 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ. 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ, 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ಬಂದವು. ಇವು ವಾಹನಕ್ಕೆ ಅಂಟಿಕೊಂಡ ರಕ್ಷಣೆಗಳಲ್ಲ, ದುಡಿಯುವ ವ್ಯಕ್ತಿಗೆ ಅಂಟಿಕೊಂಡವು. ವಾಹನವು ಯಾರದೇ ಆಗಿರಲಿ, ಅದನ್ನು ನಡೆಸುವವನ ಜೊತೆಯಲ್ಲಿ ಈ ಹಕ್ಕು ಸಾಗುತ್ತದೆ. ಈ ದೃಷ್ಟಿಯಿಂದ ಇವುಗಳ ತತ್ತ್ವವು ಮೋಟಾರು ವಿಮೆಯ ತತ್ತ್ವಕ್ಕಿಂತ ಭಿನ್ನವಾದುದು. ನ್ಯೂಜಿಲೆಂಡ್ 1974ರಲ್ಲಿಯೇ ಹೊಣೆಯ ವಿಮೆಯ ದಾರಿಯನ್ನು ಬಿಟ್ಟು, ತಪ್ಪು ಯಾರದೇ ಇರಲಿ, ಗಾಯಗೊಂಡ ಚಾಲಕನನ್ನೂ ಒಳಗೊಂಡು ಎಲ್ಲರಿಗೂ ಸಾರ್ವಜನಿಕ ನಿಧಿಯಿಂದ ಪರಿಹಾರ ನೀಡುವ ವ್ಯವಸ್ಥೆಯನ್ನು ಜಾರಿಗೆ ತಂದಿತೆಂಬುದು ಇಲ್ಲಿ ಸ್ಮರಣೀಯ.

ಉಪಸಂಹಾರ

ಕಡ್ಡಾಯ ಮೋಟಾರು ವಿಮೆಯು ತನ್ನ ಮೂಲ ಉದ್ದೇಶದಲ್ಲಿ ಬಹುಮಟ್ಟಿಗೆ ಸಫಲವಾಗಿದೆ. ಹಳೆಯ ಮದ್ರಾಸು ರಸ್ತೆಯನ್ನು ದಾಟುವ ಪಾದಚಾರಿಯ ಕುಟುಂಬವು ಇಂದು ವಾಹನ ಮಾಲೀಕನ ಬಡತನಕ್ಕೆ ಹೆದರಬೇಕಾಗಿಲ್ಲ. ಇದು ಸಣ್ಣ ಸಾಧನೆಯಲ್ಲ. ಆದರೆ ಈ ವ್ಯವಸ್ಥೆಯು ರೂಪುಗೊಂಡ ಕಾಲದಲ್ಲಿ ಮೋಟಾರು ಉಳ್ಳವನು ಸಿರಿವಂತನಾಗಿದ್ದನು, ರಸ್ತೆಯಲ್ಲಿ ನಡೆಯುವವನು ಬಡವನಾಗಿದ್ದನು. ಉಳ್ಳವನಿಗೆ ಕಾನೂನಿನ ಆಸರೆ ಬೇಕಿಲ್ಲವೆಂದು ಭಾವಿಸುವುದು ಆಗ ಸಹಜವಾಗಿತ್ತು. ದ್ವಿಚಕ್ರ ವಾಹನವು ಕೂಲಿಕಾರನ ಸಾಧನವಾಗಿ, ಕಾರು ಸಾಲದ ಕಂತಿನಲ್ಲಿ ಕೊಂಡ ಜೀವನೋಪಾಯವಾಗಿ ಬದಲಾದ ಮೇಲೂ ಆ ಭಾವನೆಯು ಶಾಸನದ ಭಾಷೆಯಲ್ಲಿ ಉಳಿದುಕೊಂಡಿತು. ರಾಮಮೂರ್ತಿ ನಗರದಂತಹ ಬಡಾವಣೆಯಲ್ಲಿ ಬೈಕಿನ ಮುಂದೆ ಕುಳಿತವನು ಬಹುಪಾಲು ಮನೆಯ ದುಡಿಮೆಗಾರನೇ ಆಗಿರುತ್ತಾನೆ.

ಆದುದರಿಂದ ಚಾಲಕನ ಹೆಚ್ಚುವರಿ ರಕ್ಷಣೆಯನ್ನು ‘ಐಚ್ಛಿಕ’ವೆಂದು ಕರೆಯುವಾಗ ಆ ಇಚ್ಛೆಯು ಯಾರದು, ಅದನ್ನು ಚಲಾಯಿಸಲು ಬೇಕಾದ ತಿಳಿವಳಿಕೆ ಅವನಿಗೆ ಯಾವ ಭಾಷೆಯಲ್ಲಿ ದೊರೆತಿದೆ ಎಂಬುದನ್ನು ಕೇಳಬೇಕಾಗುತ್ತದೆ. ಇಳಕಲ್ಲಿನ ಸವಾರನ ಕುಟುಂಬವು ಸರ್ವೋಚ್ಚ ನ್ಯಾಯಾಲಯದಲ್ಲಿ ತಿಳಿದುಕೊಂಡ ಸಂಗತಿಯು, ಸರಳ ಕನ್ನಡದ ನಾಲ್ಕು ಸಾಲುಗಳಲ್ಲಿ ವಿಮಾಪತ್ರದ ಮೊದಲ ಪುಟದಲ್ಲಿ ಇರಬಹುದಾದ ಸಂಗತಿ: ಈ ಪತ್ರವು ಯಾರಿಗೆ ರಕ್ಷಣೆ ನೀಡುತ್ತದೆ, ಯಾರಿಗೆ ನೀಡುವುದಿಲ್ಲ, ವಾಹನವನ್ನು ಇನ್ನೊಬ್ಬರ ಕೈಗೆ ಕೊಟ್ಟಾಗ ಏನಾಗುತ್ತದೆ, ಉಳಿದ ರಕ್ಷಣೆಯನ್ನು ಎಷ್ಟು ಹಣಕ್ಕೆ ಪಡೆಯಬಹುದು. 2022ರ ವ್ಯಾಖ್ಯೆಯು ಸಾರಿಗೆ ವಾಹನದ ಚಾಲಕನನ್ನು ‘ಮೂರನೆಯ ವ್ಯಕ್ತಿ’ಯೆಂದು ಒಪ್ಪಿಕೊಂಡಿದೆ. ಉಳಿದ ಚಾಲಕರ ವಿಷಯದಲ್ಲಿ ಶಾಸನವು ಮುಂದಿನ ಹೆಜ್ಜೆ ಇಡುವವರೆಗೆ, ವೈಯಕ್ತಿಕ ಅಪಘಾತ ರಕ್ಷಣೆಯ ಆ ಪ್ರತ್ಯೇಕ ಕಂತೇ ಅವರ ಮತ್ತು ಅವರ ಅವಲಂಬಿತರ ಪಾಲಿಗೆ ಮೋಟಾರು ವಿಮೆಯ ಚರಿತ್ರೆಯು ಉಳಿಸಿಕೊಟ್ಟಿರುವ ಮುಖ್ಯ ಆಸರೆಯಾಗಿದೆ.